ಮೆಹಕರಕ್ಕೆ ಬರಬೇಕಾದ ಗಂಟೆ ಕೊಳಾರದಲ್ಲಿ ಬಾರಿಸುತ್ತಿದೆ

ಸ್ವಂತದ್ದೊಂದು ಟವರ್ ಇಲ್ಲದವರಿಗೂ ಮೊಬೈಲ್ ಸೇವೆ ನಡೆಸಲು ಪರವಾನಗಿ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ಭಾಲ್ಕಿ ತಾಲ್ಲೂಕಿನ ಮೆಹಕರ ಗ್ರಾಮದ ಶೇವಂತಾಬಾಯಿ ಎಂಬ ಹೆಣ್ಣುಮಗಳು ಪ್ರತಿ ಸಂಜೆ ಬಳಸುತ್ತಿದ್ದ ಮೊಬೈಲ್ ಸಂಖ್ಯೆಯನ್ನು, ಅದು ಬಳಕೆಯಲ್ಲಿಲ್ಲವೆಂದು ತೀರ್ಮಾನಿಸಿ, ಆಕೆಯಿಂದ ಕಿತ್ತು ಬೇರೊಬ್ಬರಿಗೆ ಕೊಡಲಾಗಿದೆ. ಹಾಗೆ ಕೊಟ್ಟದ್ದು, ಇನ್ನೊಬ್ಬರ ಜಾಲವನ್ನು ಗುತ್ತಿಗೆಗೆ ಹಿಡಿದು ತನ್ನ ಹೆಸರಿನಲ್ಲಿ ಮಾರಲು ತಮ್ಮಿಂದ ಪರವಾನಗಿ ಪಡೆದ ಒಂದು ಸಂಸ್ಥೆ. ಆ ಸಂಖ್ಯೆ ಶೇವಂತಾಬಾಯಿಗೆ ಮರಳಬೇಕು, ಮೆಹಕರದಲ್ಲಿ ಮತ್ತೆ ಜೀವಂತವಾಗಬೇಕು. ನಾನು ಕೇಳುತ್ತಿರುವುದು ಇಷ್ಟೇ. ಇಷ್ಟನ್ನೇ ಈ ಮೊದಲು ಲಕೋಟೆಯೊಳಗೆ ಹಾಕಿ ತಮ್ಮ ಕಚೇರಿಗೆ ಕಳುಹಿಸಿದ್ದೆ. ತಮ್ಮ ದೂರನ್ನು ಸಂಬಂಧಪಟ್ಟ ಸೇವಾದಾರರಿಗೆ ರವಾನಿಸಲಾಗಿದೆ ಎಂಬ ಉತ್ತರ ಬಂತು. ಕಳುವಾಗಿದೆ ಎಂದು ದೂರು ಕೊಟ್ಟರೆ ದೂರನ್ನು ಕದ್ದವನಿಗೇ ರವಾನಿಸುವ ಈ ಪದ್ಧತಿ ನನ್ನ ಕಾಲದಲ್ಲಿ ಇರಲಿಲ್ಲ. ಆದುದರಿಂದ ಈ ಸಲ ಲಕೋಟೆ ಇಲ್ಲದೆ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಭಾಷೆಯ ಬಗ್ಗೆ ಒಂದು ಮಾತು. ಮೊಬೈಲಿಗೆ ‘ಜಂಗಮವಾಣಿ’ ಎಂದೂ ಟವರಿಗೆ ‘ಪ್ರಸರಣ ಗೋಪುರ’ ಎಂದೂ ನಾನು ಹಲವು ವರ್ಷ ಹಠ ಹಿಡಿದು ಬರೆದವನು. ಹಾಗೆ ಬರೆದ ಅರ್ಜಿಗಳನ್ನು ಕಚೇರಿಗಳಲ್ಲಿ ಯಾರೂ ಓದಲಿಲ್ಲ. ಈ ಪತ್ರವನ್ನು ಯಾರಾದರೂ ಓದಬೇಕಾಗಿದೆ. ಮೊಬೈಲನ್ನು ಮೊಬೈಲೆಂದೇ, ಟವರನ್ನು ಟವರೆಂದೇ ಕರೆಯುತ್ತೇನೆ. ನಾನು ಕಂಡ ಸೋಲುಗಳಲ್ಲಿ ಇದು ಚಿಕ್ಕದು.

ಗುತ್ತಿಗೆಯ ಈ ವ್ಯವಹಾರ ಓದುಗರಿಗೆಲ್ಲ ತಿಳಿದಿರಲಾರದು. ಬರಗಾಲದ ಈ ಎರಡನೆಯ ವರ್ಷದಲ್ಲಿ ನಮ್ಮ ಕಡೆಯವರಿಗೆ ಅದನ್ನು ವಿವರಿಸುವುದು ಸುಲಭ. ನಮ್ಮ ಊರುಗಳಿಗೆ ನೀರಿನ ಟ್ಯಾಂಕರು ಬರುತ್ತದೆ. ಟ್ಯಾಂಕರಿನವನಿಗೆ ಸ್ವಂತ ಬಾವಿಯಿಲ್ಲ. ಯಾರದೋ ಬಾವಿಯ ನೀರನ್ನು ತುಂಬಿಕೊಂಡು, ತನ್ನ ಹೆಸರು ಬರೆದ ಟ್ಯಾಂಕರಿನಲ್ಲಿ ತಂದು ಸುರಿಯುತ್ತಾನೆ. ಗುತ್ತಿಗೆಯ ಮೊಬೈಲ್ ಸಂಸ್ಥೆಯೂ ಹೀಗೆಯೇ. ಟವರು ದೊಡ್ಡ ಸಂಸ್ಥೆಯದು, ತಂತಿ ದೊಡ್ಡ ಸಂಸ್ಥೆಯದು. ಹೆಸರು, ಬಣ್ಣದ ಕೊಡೆ, ಕೊಡೆಯ ಕೆಳಗೆ ಕುಳಿತು ಸಿಮ್ ಮಾರುವ ಹುಡುಗ, ಇಷ್ಟು ಮಾತ್ರ ಗುತ್ತಿಗೆದಾರನದು. ಇದರಲ್ಲಿ ತಪ್ಪೇನೂ ಇಲ್ಲವೆಂದು ತಾವು ಹೇಳಬಹುದು, ಟ್ಯಾಂಕರಿನ ನೀರನ್ನೂ ನಾವು ಕುಡಿಯುತ್ತಿದ್ದೇವೆ. ಆದರೆ ನೀರು ನಾರಿದ ದಿನ ಟ್ಯಾಂಕರಿನವನ ಕೊರಳಪಟ್ಟಿ ಹಿಡಿದು ಕೇಳಬಹುದು. ತಮ್ಮ ಪರವಾನಗಿದಾರನಿಗೆ ಕೊರಳೇ ಇಲ್ಲ. ಅವನನ್ನು ಕೇಳಿದರೆ, ಟವರು ನಮ್ಮದಲ್ಲ ಎನ್ನುತ್ತಾನೆ. ಟವರಿನ ಒಡೆಯನನ್ನು ಕೇಳಿದರೆ, ಆ ಗ್ರಾಹಕರು ನಮ್ಮವರಲ್ಲ ಎನ್ನುತ್ತಾನೆ. ಇಬ್ಬರ ನಡುವೆ ಇರುವ ಕರಾರುಪತ್ರವನ್ನು ನೋಡಿದವರು ತಾವೊಬ್ಬರೇ, ತಾವು ಮಾತನಾಡುವುದಿಲ್ಲ.

ಮೆಹಕರ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ಅಲ್ಲಿ ಮೊಬೈಲು ಅನೇಕ ವೇಳೆ ಆಚೆಯ ರಾಜ್ಯದ ಟವರನ್ನು ಹಿಡಿಯುತ್ತದೆ. ದೊಡ್ಡ ಸಂಸ್ಥೆಯ ಗ್ರಾಹಕರಿಗೆ ಅದರಿಂದ ತೊಂದರೆಯಿಲ್ಲ. ಗುತ್ತಿಗೆದಾರನ ಕರಾರು ಕರ್ನಾಟಕಕ್ಕೆ ಮಾತ್ರ ಸೀಮಿತವಾದ್ದರಿಂದ ಅವನ ಸಿಮ್ ಹಾಕಿದ ಮೊಬೈಲು ಗಡಿಯಾಚೆಯ ಟವರನ್ನು ಹಿಡಿದ ಕೂಡಲೇ ಮೂಕವಾಗುತ್ತದೆ. ಈ ಸಂಗತಿಯನ್ನು ಸಿಮ್ ಮಾರುವಾಗ ಯಾರೂ ಹೇಳಲಿಲ್ಲ. ಊರಿನವರು ತಾವೇ ಒಂದು ಉಪಾಯ ಕಂಡುಕೊಂಡರು. ಊರ ಹೊರಗೆ ಎತ್ತರದ ನೀರಿನ ಟಾಕಿ ಇದೆ. ಅದಕ್ಕೆ ನೀರು ಏರಿ ಬಹಳ ಕಾಲವಾಯಿತು. ಟಾಕಿಯ ಕಬ್ಬಿಣದ ಮೆಟ್ಟಿಲನ್ನು ನಾಲ್ಕಾರು ಹೆಜ್ಜೆ ಏರಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಭಾಲ್ಕಿ ಕಡೆಯ ಟವರು ಸಿಗುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಮೊಬೈಲ್ ಹಿಡಿದು ಅಲ್ಲಿ ನಿಲ್ಲುತ್ತಾರೆ. ನೀರು ಕೊಡದ ಟಾಕಿ ಸುದ್ದಿ ಕೊಡಲಿ ಎಂದು.

ಆ ಸುದ್ದಿಯಾದರೂ ಎಂತಹುದು? ಮಾತಿಲ್ಲದ ಸುದ್ದಿ. ಶೇವಂತಾಬಾಯಿಯ ಮಗ ಮಾಣಿಕ, ಸೊಸೆ ಚಂದ್ರಭಾಗಾ ಕಳೆದ ದಸರೆಯ ನಂತರ ಪುಣೆಯ ಕಡೆಗೆ ಕಟ್ಟಡದ ಕೆಲಸಕ್ಕೆ ಹೋದರು. ಮಾಣಿಕನ ಬಳಿಯೂ ಇದೇ ಸಂಸ್ಥೆಯ ಸಿಮ್ ಇತ್ತು. ರಾಜ್ಯ ದಾಟಿದೊಡನೆ ಅದು ಕೆಲಸಕ್ಕೆ ಬಾರದಾಯಿತು. ಆದ್ದರಿಂದ ಅವನು ಸಂಜೆ ಯಾರದಾದರೂ ಮೊಬೈಲನ್ನು ಒಂದು ಸಲ ಗಂಟೆ ಬಾರಿಸುವುದಕ್ಕೆಂದು ಬೇಡಿ ಪಡೆಯುತ್ತಾನೆ. ಇಂದು ಮೇಸ್ತ್ರಿಯದು, ನಾಳೆ ಕಾವಲುಗಾರನದು. ಮಾತಿಗಾದರೆ ಯಾರೂ ಕೊಡರು, ಬರಿಯ ಗಂಟೆಗೆ ಯಾರೂ ಇಲ್ಲವೆನ್ನರು. ಗಂಟೆ ಬಾರಿಸಿತೆಂದರೆ ‘ನಾವು ಚೆನ್ನಾಗಿದ್ದೇವೆ’ ಎಂದು ಅರ್ಥ. ಶೇವಂತಾಬಾಯಿ ಅದನ್ನು ಎತ್ತದೆ ಕತ್ತರಿಸುತ್ತಾಳೆ. ಕತ್ತರಿಸಿದಳೆಂದರೆ ‘ಇಲ್ಲಿಯೂ ಎಲ್ಲ ಚೆನ್ನಾಗಿದೆ’ ಎಂದು ಅರ್ಥ. ಎಂದಾದರೂ ಕತ್ತರಿಸದೆ ಎತ್ತಿದಳೆಂದರೆ ಏನೋ ಕೇಡಾಗಿದೆ, ಹೊರಟು ಬನ್ನಿ ಎಂದು ಅರ್ಥ. ಪಕ್ಕದ ಮನೆಯ ಶಾಲುಬಾಯಿಗೆ ಮೊಬೈಲಿಲ್ಲ. ಅವಳ ಮಗಳು ಕೌಸಲ್ಯಾಳನ್ನು ಔರಾದ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಕೌಸಲ್ಯಾ ಮತ್ತು ಅವಳ ಗಂಡ ಹೈದರಾಬಾದಿನ ಆಚೆ ಎಲ್ಲಿಯೋ ಇಟ್ಟಿಗೆಯ ಭಟ್ಟಿಗೆ ಹೋಗಿದ್ದಾರೆ. ಅವಳೂ ಇದೇ ಸಂಖ್ಯೆಗೆ ಬಾರಿಸುತ್ತಾಳೆ, ಒಮ್ಮೆ ಬಾರಿಸಿ, ನಿಲ್ಲಿಸಿ, ಮತ್ತೆ ಬಾರಿಸುತ್ತಾಳೆ. ಹಾಗೆ ಎರಡು ಸಲ ಬಂದರೆ ಅದು ಶಾಲುಬಾಯಿಯ ಪಾಲಿನದು.

ಇದಕ್ಕಿಂತ ಮಿತವಾದ, ಇದಕ್ಕಿಂತ ಸ್ಪಷ್ಟವಾದ ಸಂದೇಶವನ್ನು ನಾನು ಕಂಡಿಲ್ಲ. ನಾನು ಭಾಲ್ಕಿಯ ತಂತಿ ಕಚೇರಿಯಲ್ಲಿ ಕೂದಲು ನರೆಯುವವರೆಗೆ ಕುಳಿತವನು. ಮನುಷ್ಯರು ಒಂದೊಂದು ಪದವನ್ನು ಹೇಗೆ ಉಳಿಸುತ್ತಾರೆಂಬುದನ್ನು ಬಲ್ಲೆ. ಒಂದು ಪದವನ್ನೂ ಆಡದೆ ಎರಡು ಮನೆಗಳ ಕ್ಷೇಮವನ್ನು ಪ್ರತಿದಿನ ವಿನಿಮಯ ಮಾಡಿಕೊಳ್ಳುವ ಈ ಕ್ರಮವನ್ನು ಕಂಡು, ನಾನು ಕೂತಿದ್ದ ಕುರ್ಚಿ ಅಷ್ಟೇನೂ ಮುಖ್ಯವಾದದ್ದಲ್ಲ ಎನಿಸಿತು.

ತಮ್ಮ ಪರವಾನಗಿದಾರನಿಗೆ ಮಾತ್ರ ಇದು ಸಂದೇಶವಲ್ಲ. ಎತ್ತದ ಕರೆ ಕರೆಯಲ್ಲ, ಹೊರಗೆ ಹೋಗುವ ಕರೆಯಂತೂ ಇಲ್ಲವೇ ಇಲ್ಲ. ಆ ಸಂಖ್ಯೆ ಸತ್ತಿದೆ ಎಂದು ಅವನ ಯಂತ್ರ ತೀರ್ಪು ಕೊಟ್ಟಿತು. ಬಾಡಿಗೆಗೆ ತಂದ ಪ್ರತಿ ಸಂಖ್ಯೆಗೂ ಮೇಲಿನವರಿಗೆ ಕಟ್ಟಬೇಕಾಗುವುದರಿಂದ, ಮಾತನಾಡದ ಗ್ರಾಹಕರನ್ನು ಆದಷ್ಟು ಬೇಗ ಕಳಚಿಕೊಳ್ಳುವುದು ಅವನಿಗೆ ಹಿತ. ತೀರ್ಪನ್ನು ತಿಳಿಸುವ ಸಂದೇಶವೂ ಬಂದಿತ್ತು: ‘ಪ್ರಿಯ ಗ್ರಾಹಕ, ನಿಮ್ಮ ಸೇವೆಯು ಯಶಸ್ವಿಯಾಗಿ ಕೊನೆಗೊಂಡಿದೆ.’ ಈ ಕನ್ನಡವನ್ನು ನಾನು ತಿದ್ದಲು ಹೋಗುವುದಿಲ್ಲ, ಬರೆದವರು ಮನುಷ್ಯರಾಗಿದ್ದರೆ ತಿದ್ದಬಹುದಿತ್ತು. ಶೇವಂತಾಬಾಯಿಗೆ ಓದು ಬಾರದು.

ಗಂಟೆ ನಿಂತಿತು. ಟವರು ಸಿಗುತ್ತಿಲ್ಲವೆಂದು ಆಕೆ ಭಾವಿಸಿದಳು. ಆಕೆಯ ಅನುಭವವೇ ಹಾಗಿತ್ತು, ಎಂದಾದರೂ ಗಂಟೆ ತಪ್ಪಿದರೆ ಇನ್ನೊಂದು ಮೆಟ್ಟಿಲು ಏರಿದರೆ ಸಾಕಿತ್ತು. ಆದ್ದರಿಂದ ಇನ್ನೊಂದು ಮೆಟ್ಟಿಲು ಏರಿದಳು. ಮರುದಿನ ಮತ್ತೊಂದು. ಶಾಲುಬಾಯಿ ಕೆಳಗೆ ನಿಂತು ಕೂಗಿದಳಂತೆ.

“ಅಕ್ಕಾ, ಸಾಕ ಇಳಿ. ಪುಣಾ ಕಾಣೋತನಕ ಏರ್ತೀಯೇನ?”

“ಕಾಣ್ತಿದ್ರ ಏರ್ತಿದ್ನೆ. ಗಂಟಿ ಕೇಳಿದ್ರ ಸಾಕ ನನಗ.”

ಟಾಕಿಯ ಅರ್ಧ ಎತ್ತರದಲ್ಲಿ, ಒಂದು ಕೈಯಲ್ಲಿ ಮೊಬೈಲನ್ನು ಮೇಲೆತ್ತಿ ಹಿಡಿದಿದ್ದಾಗ, ಶೇವಂತಾಬಾಯಿಯ ಕಾಲು ಜಾರಿತು. ಸೊಂಟದ ಕೆಳಗಿನ ಎಲುಬು ಮುರಿಯಿತು. ಊರಿನವರು ಜೀಪಿನಲ್ಲಿ ಹಾಕಿ ಬೀದರಿನ ಆಸ್ಪತ್ರೆಗೆ ತಂದರು. ಮೊಬೈಲಿಗೆ ಏನೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಗಬೇಕೆಂದರು. ಮಗ ಬರುವ ತನಕ ತನ್ನನ್ನು ಮುಟ್ಟಕೂಡದೆಂದು ಆಕೆ ಹಠ ಹಿಡಿದಳು. ಮಗನಿಗೆ ತಿಳಿಸುವುದು ಹೇಗೆ? ಮೊಬೈಲಿನಲ್ಲಿ ಉಳಿದಿದ್ದ ಹಳೆಯ ಗಂಟೆಗಳ ಸಂಖ್ಯೆಗಳಿಗೆ ಊರಿನವರು ಕರೆ ಮಾಡಿದರು. ಆ ಕೆಲಸ ಮುಗಿಯಿತು, ಆ ಆಳುಗಳು ಬೇರೆ ಕಡೆಗೆ ಹೋದರು ಎಂದು ಒಬ್ಬರು. ಮಾಣಿಕ ಎಂಬ ಹೆಸರಿನವರು ನೂರು ಮಂದಿ ಇದ್ದಾರೆ ಎಂದು ಇನ್ನೊಬ್ಬರು. ಆಗ ಶಾಲುಬಾಯಿ ನನ್ನ ಮನೆಗೆ ಬಂದಳು. ಬಹಳ ಹಿಂದೆ, ಅವಳ ತಂದೆ ತೀರಿಕೊಂಡಾಗ, ಮುಂಬಯಿಯಲ್ಲಿದ್ದ ಅಣ್ಣನಿಗೆ ತಂತಿ ಕೊಡಲು ಅವಳು ನನ್ನ ಕಿಟಕಿಯ ಮುಂದೆ ನಿಂತವಳು.

“ತಾರ್ ಮಾಸ್ತರ್ರ, ಒಂದ ತಾರ್ ಹೊಡೀರಿ ಪುಣಾಕ,” ಎಂದಳು. “ಮೊಬೈಲ ಆದ್ರ ಸುಳ್ಳ ಹೇಳ್ತದ. ತಾರ್ ಸುಳ್ಳ ಹೇಳಂಗಿಲ್ಲ.”

“ತಾರ್ ಬಂದ್ ಆಗ್ಯಾದವ್ವ. ಭಾಳ ವರ್ಷ ಆಯ್ತು.”

“ಬಂದ್? ಮತ್ತ ಸತ್ತೋರ ಸುದ್ದಿ ಹ್ಯಾಂಗ ಹೋಗ್ತದರಿ?”

ಅವಳು ಕೈಯಲ್ಲಿ ಹಿಡಿದಿದ್ದ ಶೇವಂತಾಬಾಯಿಯ ಮೊಬೈಲನ್ನು ತೆಗೆದುಕೊಂಡು ಭಾಲ್ಕಿಯ ಬಸ್ ನಿಲ್ದಾಣದ ಎದುರು ಸಿಮ್ ಮಾರುವ ದತ್ತಾತ್ರಿಯ ಬಳಿಗೆ ಹೋದೆ. ಅವನೇ ಅದನ್ನು ಮಾರಿದವನು. ನೋಡಿದವನೇ ಹೇಳಿದ:

“ಬಂದ್ ಆಗ್ಯಾದ್ರಿ ಇದು. ಬಳಸೇ ಇಲ್ಲ ಅವ್ರು.”

“ದಿನಾ ಸಂಜಿಗಿ ಬಳಸ್ಯಾಳ.”

“ಎತ್ತಲ್ಲಾರದ ಫೋನ್ ಬಳಸ್ದಂಗ ಅಲ್ರಿ ಮಾಸ್ತರ್ರ.”

“ಹಂಗಂತ ಮಾರೂವಾಗ ಹೇಳಿದ್ದೇನ?”

“ನನಗೇ ಯಾರ ಹೇಳ್ಯಾರ್ರಿ?”

“ಟವರ್ ಯಾರ್ದು?”

“ಬ್ಯಾರೇಯವ್ರದು.”

“ನಂಬರ?”

“ಅದೂ ಮ್ಯಾಲಿಂದ ಬರ್ತದ್ರಿ.”

“ನಿಮ್ಮ ಕಂಪನೀದ ಏನದಪಾ ಮತ್ತ?”

ದತ್ತಾತ್ರಿ ತಲೆಯ ಮೇಲೆ ನೋಡಿದ. “ಈ ಛತ್ರಿ ನಮ್ದರಿ,” ಎಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಇಡೀ ಸಂಸ್ಥೆಯಲ್ಲಿ ಬಿಸಿಲಿನಲ್ಲಿ ಕುಳಿತು ಮುಖ ತೋರಿಸುವವನು ಅವನೊಬ್ಬನೇ. ಅವನ ಎದುರಿನಲ್ಲಿಯೇ ನಾನು ನನ್ನ ಮೊಬೈಲಿನಿಂದ ಶೇವಂತಾಬಾಯಿಯ ಸಂಖ್ಯೆಗೆ ಕರೆ ಮಾಡಿದೆ. ಸತ್ತ ಸಂಖ್ಯೆ ಏನು ಹೇಳುತ್ತದೆಂದು ಕೇಳುವ ಕುತೂಹಲ. ಅದು ಬಾರಿಸಿತು. ಒಬ್ಬ ಗಂಡಸು ಎತ್ತಿದ.

“ಯಾರ್ರಿ?”

“ಶೇವಂತಾಬಾಯಿ ನಂಬರೇನ್ರಿ ಇದು?”

“ಬಾಯೀನೂ ಇಲ್ಲ, ಬೇಗಮ್ಮೂ ಇಲ್ರಿ ಸಾಬ್. ನಾ ಚಾಂದ ಪಾಶಾ. ಬೀದರ ಬಾಜೂಕಿನ ಕೊಳಾರದಾಗ ಗೋಡೌನಿನಾಗ ಹಮಾಲಿ ಮಾಡ್ತೇನಿ. ಹೊಸಾ ಸಿಮ್ ತಗೊಂಡೇನಿ, ರಾಂಗ್ ನಂಬರ ಭಾಳ ಬರ್ತಾವ.”

ಸಂಜೆ ಯಾವುದಾದರೂ ಕರೆ ಬರುತ್ತದೆಯೇ ಎಂದು ಕೇಳಿದೆ.

“ಹೇಳಬ್ಯಾಡ್ರಿ. ದಿನಾ ಬರೋಬ್ಬರಿ ಮಗ್ರಿಬ್ ಆಜಾನಿಗಿ ಬರ್ತದ. ದಿನಾ ಬ್ಯಾರೆ ನಂಬರ. ಯಾವದೋ ಲೋನ್ ಕಂಪನೀದ ಇರಬೇಕಂತ ಕಾಟಿ ಒಗೀತೇನ್ರಿ. ನಮಾಜಿಗಿ ನಿಂತಾಗ ಯಾರ್ ಮಾತಾಡ್ತಾರ?”

ಮಾನ್ಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಪುಣೆಯಲ್ಲಿ ಮಾಣಿಕ ದೀಪ ಹಚ್ಚುವ ಹೊತ್ತಿಗೆ ತಾಯಿಯ ಸಂಖ್ಯೆಗೆ ಬಾರಿಸುತ್ತಾನೆ. ಕೊಳಾರದಲ್ಲಿ ಚಾಂದ ಪಾಶಾ, ಅದೇ ಹೊತ್ತು ನಮಾಜಿನ ಹೊತ್ತಾದ್ದರಿಂದ, ಕತ್ತರಿಸುತ್ತಾನೆ. ಕತ್ತರಿಸಿತೆಂದರೆ ಮನೆಯಲ್ಲಿ ಎಲ್ಲ ಚೆನ್ನಾಗಿದೆ. ಮಾಣಿಕ ನಿಶ್ಚಿಂತನಾಗಿ ಮಲಗುತ್ತಾನೆ. ಅತ್ತ ಅವನ ತಾಯಿ ಬಾರದ ಗಂಟೆಗಾಗಿ ಖಾಲಿ ಟಾಕಿಯನ್ನು ಏರುತ್ತಾಳೆ, ಬೀಳುತ್ತಾಳೆ, ಆಸ್ಪತ್ರೆಯ ಮಂಚದ ಮೇಲೆ ಮೊಬೈಲನ್ನು ದಿಂಬಿನ ಪಕ್ಕದಲ್ಲಿಟ್ಟು ಕಾಯುತ್ತಾಳೆ, ಮಗ ಇನ್ನಿಲ್ಲವೆಂದು ತೀರ್ಮಾನಿಸುತ್ತಾಳೆ. ಒಂದು ಸಂಜೆ, ‘ಇದನ್ನ ನನ್ನ ಕಣ್ಮುಂದಿಂದ ಒಯ್ಯಿ’ ಎಂದು ಅದನ್ನು ಶಾಲುಬಾಯಿಯ ಕೈಗೆ ಕೊಟ್ಟದ್ದರಿಂದಲೇ ಅದು ನನ್ನ ಮನೆಗೆ ಬಂದದ್ದು. ಇದರಲ್ಲಿ ತಪ್ಪು ಮಾಡಿದವರು ಯಾರು? ಮಗನೇ? ತಾಯಿಯೇ? ದೇವರ ಕಡೆಗೆ ಮುಖ ಮಾಡಿ ನಿಂತಾಗ ಮೊಬೈಲ್ ಕತ್ತರಿಸಿದ ಹಮಾಲನೇ?

ಆ ದಿನವೇ ನಾನು ಕೊಳಾರಕ್ಕೆ ಹೋದೆ. ಚಾಂದ ಪಾಶಾ ಗೋಡೌನಿನ ಹೊರಗೆ, ಚೀಲಗಳ ಧೂಳು ಹತ್ತಿದ ತಲೆಯೊಂದಿಗೆ ನಿಂತಿದ್ದ. ಸಂಗತಿಯನ್ನು ಕೇಳಿ, “ಅಂದ್ರ ದಿನಾ ನಾ ಆ ಹುಡುಗಗ ಖೈರಿಯತ್, ಎಲ್ಲಾ ಚಲೋ ಅದ ಅಂತ ಹೇಳ್ಲಕತ್ತಿದ್ನೇನ್ರಿ?” ಎಂದು ಕೇಳಿದ. ಹೌದೆಂದೆ. ಆಜಾನು ಕೇಳಿತು. ಸಂಗಡಿಗರು ಕೈಕಾಲು ತೊಳೆದು ಒಳಗೆ ಹೋದರು. ಅವನು ಹೋಗಲಿಲ್ಲ. ಗಂಟೆ ಬಾರಿಸಿತು. ಎತ್ತಿದ.

ಆ ಕಡೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು. ಮನುಷ್ಯನ ಸದ್ದಿಲ್ಲ.

“ಮಾಣಿಕ ಏನ್ರಿ?” ಎಂದ ಚಾಂದ ಪಾಶಾ.

ಆ ಕಡೆಯಿಂದ ಮರುಪ್ರಶ್ನೆ ಬಂತು. “ನೀವ್ ಯಾರ್ರಿ? ಅವ್ವನ ಫೋನ ನಿಮ್ಮ ಕೈಯಾಗ ಯಾಕ ಬಂತು?” ಆಮೇಲೆ ತಗ್ಗಿದ ದನಿಯಲ್ಲಿ, “ಮಣ್ಣ ಆಯ್ತೇನ್ರಿ?”

ಚಾಂದ ಪಾಶಾ ಮೊಬೈಲನ್ನು ನನ್ನ ಕೈಗೆ ಕೊಟ್ಟ.

“ಇಲ್ಲಪಾ, ಅದಾಳ,” ಎಂದೆ. “ನಿಮ್ಮವ್ವ ಬೀದರ ದವಾಖಾನ್ಯಾಗ ಅದಾಳ. ಕಾಲ ಮುರದದ. ನೀ ಹೊರಟ ಬಾ.”

“ಯಾವಾಗ ಬಿದ್ಲ್ರಿ?”

ಹೇಳಿದೆ.

“ಸುಳ್ಳ ಹೇಳಬ್ಯಾಡ್ರಿ. ನಿನ್ನಿ ಸುದ್ದಾ ಕಟ್ ಮಾಡ್ಯಾಳಲ್ರಿ ಅಕಿ.”

ಮಾಣಿಕ ಬಂದ. ತಾಯಿ ಅವನ ಮುಖವನ್ನು ಮುಟ್ಟಿ ನೋಡಿ, “ಹೊಟ್ಟಿಗಿ ತಿಂದೀಯೇನ?” ಎಂದಳು. ಅಷ್ಟು ದಿನ ತಾನು ಅವನನ್ನು ಸತ್ತವನೆಂದು ಎಣಿಸಿದ್ದನ್ನು ಹೇಳಲಿಲ್ಲ. ಶಸ್ತ್ರಚಿಕಿತ್ಸೆ ಆಯಿತು, ತಡವಾಗಿ ಆಯಿತು. ಒಂದು ಕಾಲು ಗಿಡ್ಡವಾಗಿ ಉಳಿದಿದೆ. ಕೋಲು ಹಿಡಿದು ಅಂಗಳದವರೆಗೆ ಬರುತ್ತಾಳೆ. ಟಾಕಿಯ ಕಡೆಗೆ ಮುಖ ಮಾಡಿ ಕೂರುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಿತೆಂದು ತಮ್ಮ ಕಚೇರಿ ಭಾವಿಸಬಹುದು. ಗ್ರಾಹಕರ ದೂರು ಇತ್ಯರ್ಥವಾಗಿದೆ ಎಂಬ ಮುದ್ರೆ ಒತ್ತಲು ಇದು ತಕ್ಕ ಸ್ಥಳ. ನಾನು ತಮ್ಮನ್ನು ಇಲ್ಲಿಗೆ ಬಿಡಲಾರೆ. ಆ ಸಂಖ್ಯೆಯಲ್ಲಿ ಬರುವ ಗಂಟೆ ಮಾಣಿಕನದೊಂದೇ ಆಗಿರಲಿಲ್ಲ. ಒಮ್ಮೆ ಬಾರಿಸಿ, ನಿಲ್ಲಿಸಿ, ಮತ್ತೆ ಬಾರಿಸುವ ಕೌಸಲ್ಯಾ ಇನ್ನೂ ಬಾರಿಸುತ್ತಿದ್ದಾಳೆ. ಮಾಣಿಕನ ಮಟ್ಟಿಗೆ ಹೊಸ ಸಂಖ್ಯೆಯಿಂದ ಕೆಲಸ ನಡೆದೀತು. ಕೌಸಲ್ಯಾಳಿಗೆ ಗೊತ್ತಿರುವುದು ಹಳೆಯದೊಂದೇ.

ಎತ್ತಿ ಹೇಳಿದರಾಯಿತಲ್ಲ ಎನ್ನುವಿರಿ. ಚಾಂದ ಪಾಶಾ ಎತ್ತಿದ. ಭಟ್ಟಿಯ ಲೆಕ್ಕ ಬರೆಯುವ ಮುನಶಿ ತನ್ನ ಮೊಬೈಲನ್ನು ಕೈಯಲ್ಲಿಯೇ ಹಿಡಿದು ಆಳುಗಳಿಗೆ ಗಂಟೆ ಬಾರಿಸಿ ಕೊಡುತ್ತಾನೆಂದು ತೋರುತ್ತದೆ. ಎತ್ತಿದೊಡನೆ ಕೇಳಿದ್ದು ಅವನ ದನಿ: “ಗಂಟಿಗಿ ಕೊಟ್ಟೇನಿ, ಮಾತಿಗಲ್ಲ.” ಕರೆ ಕಡಿದುಹೋಯಿತು. ಮನೆಯೊಂದಿಗೆ ಮಾತಿಗೆ ಬಿಟ್ಟರೆ ಆಳುಗಳು ಮನೆಗೆ ಹೊರಡಲು ಕಾರಣ ಹುಡುಕುತ್ತಾರೆಂಬುದು ಮುನಶಿಗೆ ಗೊತ್ತು. ನಾನು ಆ ಸಂಖ್ಯೆಗೆ ಮರಳಿ ಕರೆ ಮಾಡಿದೆ. ಕೌಸಲ್ಯಾ ಎಂಬುವವರು ಇಲ್ಲಿ ಯಾರೂ ಇಲ್ಲ ಎಂದು ಇಟ್ಟುಬಿಟ್ಟ. ಶಾಲುಬಾಯಿ ಔರಾದಿಗೆ ಹೋಗಿ, ಅಲ್ಲಿಂದ ಬೀಗರ ಹಳ್ಳಿಗೆ ನಡೆದು, ಬೀಗ ಹಾಕಿದ ಮನೆಯನ್ನು ನೋಡಿ ಬಂದಳು. ನೆರೆಯವರು ‘ಹೈದರಾಬಾದ ಕಡಿ’ ಎಂದು ಕೈ ತೋರಿಸಿದರಂತೆ. ಮೊಬೈಲೊಂದು ಯಾವ ಊರಿನಲ್ಲಿದೆ ಎಂದು ಕಂಡುಹಿಡಿಯುವ ಯಂತ್ರಗಳು ಸರ್ಕಾರದ ಬಳಿ ಇವೆಯೆಂದು ಕೇಳಿದ್ದೇನೆ. ಶಾಲುಬಾಯಿಯ ಬಳಿ ಬಸ್ಸಿನ ಚೀಟಿ ಮಾತ್ರ ಇತ್ತು.

ಎತ್ತಿದ ಆ ಸಂಜೆಯ ನಂತರ ಕೆಲವು ದಿನ ಕೌಸಲ್ಯಾಳ ಗಂಟೆ ಬರಲಿಲ್ಲ. ಎತ್ತಿದರೆಂದರೆ ಕೇಡಾಗಿದೆ ಎಂದು ಆಕೆ ತಿಳಿದಿದ್ದಾಳೆ. ಆ ದಿನಗಳನ್ನು ಆಕೆ ಹೇಗೆ ಕಳೆದಳೋ ನನಗೆ ಗೊತ್ತಿಲ್ಲ. ಒಂದು ಸಂಜೆ ಮತ್ತೆ ಬಾರಿಸಿತು. ಚಾಂದ ಪಾಶಾ ಗಾಬರಿಯಾಗಿ ಕತ್ತರಿಸಿದ. ಆಕೆ ಸಮಾಧಾನಗೊಂಡಿರಬೇಕು. ಮರುದಿನದಿಂದ ತಪ್ಪದೆ ಬಾರಿಸುತ್ತಿದೆ. ಹೀಗೆ ಆಕೆಯನ್ನು ಹೆದರಿಸಿದವರೂ ನಾವೇ, ಸಂತೈಸಿದವರೂ ನಾವೇ. ಎರಡಕ್ಕೂ ನಮಗೆ ಅಧಿಕಾರವಿರಲಿಲ್ಲ.

ಸಿಮ್ಮನ್ನೇ ಮೆಹಕರಕ್ಕೆ ಒಯ್ದರೆ? ಅದನ್ನೂ ಮಾಡಿದೆವು. ಚಾಂದ ಪಾಶಾ ಒಂದು ದಿನದ ಹಮಾಲಿ ಬಿಟ್ಟು, ಸಿಮ್ಮನ್ನು ತಾನೇ ತಂದು ಶೇವಂತಾಬಾಯಿಯ ಮೊಬೈಲಿಗೆ ಹಾಕಿದ. “ಅವ್ವಾ, ನಿನ್ನ ಸಾಮಾನು ನಿನಗ,” ಎಂದ. ಅವಳು ಅವನನ್ನು ನೋಡಿ, “ದಿನಾ ಕಾಟಿ ಒಗೀತಿದ್ದಾಂವ ನೀನೇನ? ಕುಂಡ್ರು, ಚಾ ಕುಡಿ,” ಎಂದಳು. ಮಾಣಿಕ ಟಾಕಿಯನ್ನು ತುದಿಯವರೆಗೆ ಏರಿದ. ಟವರು ಸಿಗಲಿಲ್ಲ. ದತ್ತಾತ್ರಿಯನ್ನು ವಿ‍ಚಾರಿಸಿದಾಗ ತಿಳಿಯಿತು, ದೊಡ್ಡ ಸಂಸ್ಥೆಗೂ ಗುತ್ತಿಗೆದಾರನಿಗೂ ಮನಸ್ತಾಪವಾಗಿ ಗುತ್ತಿಗೆಯನ್ನು ಕಡಿತ ಮಾಡಲಾಗಿದೆ. ಈಗ ಅವನ ಸೇವೆ ಬೀದರ ನಗರದಲ್ಲಿ ಮತ್ತು ಭಾಲ್ಕಿಯ ಪೇಟೆಯಲ್ಲಿ ಮಾತ್ರ. ಹಳ್ಳಿಗಳನ್ನು ಕೈಬಿಟ್ಟಿದ್ದಾರೆ. ಹಳ್ಳಿಯವರಿಗೆ ಹೇಳಿಲ್ಲ. ಸಂಖ್ಯೆಯನ್ನು ದೊಡ್ಡ ಸಂಸ್ಥೆಗೆ ಬದಲಾಯಿಸಿಕೊಡಿ ಎಂದು ಕೇಳಿದರೆ, ಇಬ್ಬರ ವ್ಯಾಜ್ಯ ತೀರುವವರೆಗೆ ಸಂಖ್ಯೆಗಳು ಕದಲುವಂತಿಲ್ಲವಂತೆ. ಇದನ್ನು ನನಗೆ ಹೇಳಿದ ಗ್ರಾಹಕ ಸೇವೆಯ ಹೆಣ್ಣುಮಗಳು ಕೊನೆಯಲ್ಲಿ, “ನಿಮಗೆ ಇನ್ನೇನಾದರೂ ಸಹಾಯ ಬೇಕೇ?” ಎಂದು ಕೇಳಿದಳು. ಇನ್ನೇನಾದರೂ ಎನ್ನಬೇಕಾದರೆ ಮೊದಲು ಏನಾದರೂ ಆಗಿರಬೇಕಲ್ಲವೇ ತಾಯಿ ಎಂದೆ. ಆ ಪ್ರಶ್ನೆಗೆ ಅವಳಿಗೆ ಉತ್ತರ ಬರೆದುಕೊಟ್ಟಿರಲಿಲ್ಲ.

ನಾನಿದ್ದ ತಂತಿ ಕಚೇರಿಯನ್ನು ನಾನು ಹೊಗಳಲಾರೆ. ಅಲ್ಲಿ ಕನ್ನಡದ ಅಕ್ಷರಕ್ಕೆ ಎಡೆಯಿರಲಿಲ್ಲ. ಕನ್ನಡದಲ್ಲಿ ಅತ್ತುಕೊಂಡು ಬಂದವರ ದುಃಖವನ್ನು ಇಂಗ್ಲಿಷಿನ ಅಕ್ಷರಗಳಲ್ಲಿ ಕಟ್ಟಿ ಕಳುಹಿಸಬೇಕಾಗಿತ್ತು. ಅದು ಕೊನೆಯ ದಿನದವರೆಗೂ ನನ್ನನ್ನು ಚುಚ್ಚಿತು. ಆದರೆ ಆ ಕಚೇರಿಗೆ ಒಂದು ನಿಯಮವಿತ್ತು. ವಿಳಾಸದಾರ ಸಿಗದಿದ್ದರೆ, ಸಿಗಲಿಲ್ಲವೆಂದು ಕಳುಹಿಸಿದವನಿಗೆ ತಿಳಿಸಬೇಕು. ಆ ಮನೆಯಲ್ಲಿ ಬೇರೆ ಯಾರೋ ವಾಸವಾಗಿದ್ದಾರೆಂದು ತಂತಿಯನ್ನು ಅವರ ಕೈಗೆ ಕೊಟ್ಟು, ಅವರು ಅದನ್ನು ಹರಿದು ಹಾಕಿದ್ದನ್ನು ‘ತಲುಪಿದೆ’ ಎಂದು ಬರೆದುಕೊಂಡಿದ್ದರೆ ನನ್ನ ನೌಕರಿ ಉಳಿಯುತ್ತಿರಲಿಲ್ಲ. ಅಂದು ತಂತಿಗೊಬ್ಬ ಹೊಣೆಗಾರನಿದ್ದ. ಇಂದು ಒಡೆಯರು ಇಬ್ಬರಾಗಿದ್ದಾರೆ, ಅವರ ಮೇಲೆ ತಾವು ಮೂರನೆಯವರಾಗಿದ್ದೀರಿ, ಹೊಣೆಗಾರ ಮಾತ್ರ ಇಲ್ಲ. ಸ್ಪರ್ಧೆ ಹೆಚ್ಚಿದರೆ ಬಡವರಿಗೆ ಅನುಕೂಲವೆಂದು ಹೇಳಿ ಈ ಪರವಾನಗಿಗಳನ್ನು ಕೊಟ್ಟಿರಿ. ಮೆಹಕರಕ್ಕೆ ಬಂದ ಅನುಕೂಲ ಯಾವುದೆಂದು ತಾವೇ ಹುಡುಕಿ ತೋರಿಸಬೇಕು.

ಈಗ ಇಂದಿನ ಸಂಗತಿ. ಚಾಂದ ಪಾಶಾ ಕಣ್ಣುಮುಚ್ಚಿ ಕತ್ತರಿಸಲು ಒಪ್ಪುವುದಿಲ್ಲ. “ಮೆಹಕರದಾಗ ಖೈರಿಯತ್ ಅದನೋ ಇಲ್ಲೋ ಗೊತ್ತಿಲ್ಲಾರದ ನಾ ಹ್ಯಾಂಗ ಹೇಳಲಿರಿ?” ಎನ್ನುತ್ತಾನೆ. ಆದುದರಿಂದ ಪ್ರತಿ ಸಂಜೆ ಆಜಾನಿಗೆ ಮುಂಚೆ ಅವನು ನನಗೆ ಕರೆ ಮಾಡುತ್ತಾನೆ. ನಾನು ಮೆಹಕರದ ಕಿರಾಣಿ ಅಂಗಡಿಯ ಮಚ್ಛೇಂದ್ರನಿಗೆ ಕರೆ ಮಾಡುತ್ತೇನೆ. ಮಚ್ಛೇಂದ್ರ ಅಂಗಡಿಯಿಂದ ಹೊರಬಂದು ಶಾಲುಬಾಯಿಯ ಮನೆಯ ಕಡೆಗೆ ಕೂಗುತ್ತಾನೆ. ಅವಳು ಹೊಸ್ತಿಲಿಗೆ ಬಂದು, “ಚಲೋ ಅದೀನಿ ಅನ್ರಿ,” ಎನ್ನುತ್ತಾಳೆ. ಆ ಮಾತು ಬಂದ ದಾರಿಯಲ್ಲಿಯೇ ಕೊಳಾರಕ್ಕೆ ಮರಳುತ್ತದೆ. ಆಮೇಲೆ ಅವನು ಕತ್ತರಿಸುತ್ತಾನೆ. ಆಮೇಲೆ ನಮಾಜಿಗೆ ನಿಲ್ಲುತ್ತಾನೆ. ತಾವು ಪರವಾನಗಿ ಕೊಟ್ಟ ಸೇವೆ ಈಗ ನಡೆಯುತ್ತಿರುವುದು ಹೀಗೆ: ಒಬ್ಬ ಹಮಾಲ, ಒಬ್ಬ ಕಿರಾಣಿಯವ, ಒಬ್ಬ ನಿವೃತ್ತ ಮುದುಕ. ನಮ್ಮ ಬಳಿಯೂ ಸ್ವಂತ ಟವರಿಲ್ಲ. ನಮಗೂ ಒಂದು ಪರವಾನಗಿ ದೊರೆತೀತೇ?

ನಿನ್ನೆ ಶಾಲುಬಾಯಿ ಹೊಸ್ತಿಲಿಗೆ ಬರಲಿಲ್ಲ. ಮಚ್ಛೇಂದ್ರ ಒಳಗೆ ಹೋಗಿ ನೋಡಿ ಬಂದು ಹೇಳಿದ, “ಜ್ವರ ಬಂದಾವ್ರಿ. ಎದ್ದು ಕುಂಡ್ರಲಕ್ಕೂ ಆಗವಲ್ದು. ಮತ್ತ ಕಟ್ ಮಾಡ್ರಿ ಅಂತಾಳ. ಎತ್ತಿದ್ರ ಪೋರಿ ಸುಮ್ನ ಓಡಿ ಬರ್ತದ ಅಂತಾಳ.” ಅದನ್ನು ಹಾಗೆಯೇ ಚಾಂದ ಪಾಶಾನಿಗೆ ಹೇಳಿದೆ. ಗಂಟೆ ಬಂದಾಗ ಕತ್ತರಿಸಿದ. ಆಮೇಲೆ ನನಗೆ ಮತ್ತೆ ಕರೆ ಮಾಡಿ, “ನಾ ಸುಳ್ಳ ಹೇಳ್ದಂಗ ಆಯ್ತೇನ್ರಿ ಮಾಸ್ತರ್ ಸಾಬ್?” ಎಂದು ಕೇಳಿದ.

ಆ ಗುಂಡಿಯ ಮೇಲೆ ಇರಬೇಕಾದ ಬೆರಳು ಶಾಲುಬಾಯಿಯದು ಅಥವಾ ಅವಳ ಪಕ್ಕದಲ್ಲಿ ಕುಳಿತು ಅವಳ ಹಣೆ ಮುಟ್ಟಿ ನೋಡುವ ಶೇವಂತಾಬಾಯಿಯದು. ಮಗಳನ್ನು ಭಟ್ಟಿಯಿಂದ ಓಡಿ ಬರುವಂತೆ ಮಾಡಬೇಕೋ ಬಾರದೋ ಎಂಬುದನ್ನು, ಗಂಟೆ ಬಾರಿಸುವ ಆ ಕ್ಷಣದಲ್ಲಿ, ತಾಯಿಯೇ ನಿರ್ಧರಿಸಬೇಕು. ಆದ್ದರಿಂದ ನನ್ನ ಬೇಡಿಕೆಯನ್ನು ಮತ್ತೊಮ್ಮೆ ಹೇಳುತ್ತೇನೆ. ಟವರಿನ ಒಡೆಯನಾಗಲಿ ಗುತ್ತಿಗೆದಾರನಾಗಲಿ, ಇಬ್ಬರಲ್ಲಿ ಯಾರು ಹೊಣೆ ಎಂಬುದನ್ನು ತಾವು ಲಿಖಿತವಾಗಿ ಹೇಳಬೇಕು. ಹಾಗೆ ಹೊಣೆಯಾದವರು ಆ ಸಂಖ್ಯೆಯನ್ನು ಶೇವಂತಾಬಾಯಿಯ ಹೆಸರಿಗೆ ಮರಳಿಸಿ, ಮೆಹಕರದಲ್ಲಿ, ಟಾಕಿ ಏರದೆ ಕೇಳಿಸುವಂತೆ ಮಾಡಬೇಕು. ಎತ್ತದ ಗಂಟೆಯೂ ಬಳಕೆಯೇ ಎಂದು ತಮ್ಮ ನಿಯಮದಲ್ಲಿ ಸೇರಿಸಬೇಕು.

ಇದಕ್ಕೆಲ್ಲ ಕಾಲಾವಕಾಶ ಬೇಕೆಂದು ತಾವು ಬರೆಯುವಿರಿ. ಆಗಲಿ. ಅಲ್ಲಿಯವರೆಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಿ. ಶಾಲುಬಾಯಿಯ ಜ್ವರ ಇಂದು ಬೆಳಿಗ್ಗೆಯೂ ಇಳಿದಿಲ್ಲ. ಇಂದು ಸಂಜೆಯೂ ಗಂಟೆ ಬಾರಿಸುತ್ತದೆ, ಒಮ್ಮೆ ನಿಂತು ಮತ್ತೆ ಬಾರಿಸುತ್ತದೆ. ಅದಕ್ಕೆ ಮುಂಚೆ ಚಾಂದ ಪಾಶಾ ನನ್ನನ್ನು ಕೇಳುತ್ತಾನೆ, ಎತ್ತಲೋ ಕತ್ತರಿಸಲೋ ಎಂದು. ಅವನಿಗೆ ನಾನು ಏನು ಹೇಳಲಿ?

ಇಂತಿ,
ತಲುಪದ ತಂತಿಯನ್ನು ತಲುಪಲಿಲ್ಲವೆಂದೇ ಬರೆದು ಮರಳಿಸುತ್ತಿದ್ದ ಒಬ್ಬ ಹಳೆಯ ತಾರ್ ಮಾಸ್ತರ,
ಈಗ ಸಂಬಳವಿಲ್ಲದೆ ಮತ್ತೆ ಅದೇ ಕೆಲಸದಲ್ಲಿರುವವನು,
ಭಾಲ್ಕಿ